ತೋಲ್ಪೆಟ್ಟಿಯಿಂದ ಬೆಳ್ಳಂದೂರಿಗೆ: ಟೆಕ್ಕಿ ಪುನರಾಗಮನದ ಗಜಶಾಸ್ತ್ರೀಯ ಮೀಮಾಂಸೆ

ಮನೆಯಿಂದಲೇ ಕೆಲಸ ಮಾಡುತ್ತ ಊರಲ್ಲೇ ಬೀಡುಬಿಟ್ಟ ಸಾಫ್ಟ್‌ವೇರ್ ಉದ್ಯೋಗಿಯನ್ನು ಮನಸ್ಸು ನೋಯದಂತೆ, ಸಾಧ್ಯವಾದರೆ ನಗುನಗುತ್ತಲೇ, ಕಚೇರಿಯ ಕುರ್ಚಿಗೆ ಮರಳಿಸುವುದು ಹೇಗೆ ಎಂಬುದು ಈ ಪ್ರಬಂಧದ ವಿಷಯ. ಈ ಬಗ್ಗೆ ಎಚ್ಆರ್ ವಿಭಾಗದವರು ಕಂಡುಹಿಡಿದಿದ್ದೆಲ್ಲ ಪವರ್‌ಪಾಯಿಂಟಿನಲ್ಲಿದೆ, ಶಾಸ್ತ್ರದಲ್ಲಿ ಇಲ್ಲ. ಆ ಕೊರತೆ ನೀಗಿಸಲು ಪ್ರಸ್ತುತ ಲೇಖಕ ಪಾಲಕಾಪ್ಯ ಮುನಿಯ ಮೊರೆಹೊಕ್ಕಿದ್ದಾನೆ. ಅಂಗದೇಶದ ರೋಮಪಾದ ರಾಜನಿಗೆ ಆನೆವೈದ್ಯ ಬೋಧಿಸಿದ ಮುನಿಗೂ ಬೆಳ್ಳಂದೂರಿಗೂ ಏನು ಸಂಬಂಧ ಎಂದು ಕೇಳುವವರು ಸಂಜೆ ಆರೂವರೆಗೆ ಔಟರ್ ರಿಂಗ್ ರೋಡಿಗೆ ಹೋಗಿ ಅಲ್ಲಿನ ಹಿಂಡಿನ ಚಲನೆಯನ್ನು ಖುದ್ದಾಗಿ ಗಮನಿಸತಕ್ಕದ್ದು.

ಮೊದಲು ಕ್ಷೇತ್ರ ನಿರ್ಣಯ. ತೋಲ್ಪೆಟ್ಟಿ ವಯನಾಡು ಜಿಲ್ಲೆಯ ಬಡಗಣ ಅಂಚು. ಕೊಡಗಿನ ಕುಟ್ಟ ದಾಟಿದರೆ ಕೇರಳ, ಕೇರಳ ಶುರುವಾಗುತ್ತಿದ್ದಂತೆ ತೋಲ್ಪೆಟ್ಟಿ. ರಸ್ತೆಯ ಆಚೀಚೆ ಕಾಫಿ ಇಲ್ಲವೇ ಕಾಡು. ವಯನಾಡು ವನ್ಯಜೀವಿಧಾಮದ ಉತ್ತರದ ತುಂಡು ಇಲ್ಲಿ ನಮ್ಮ ನಾಗರಹೊಳೆಗೆ ಅಂಟಿಕೊಂಡಿದೆ. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಮೊಬೈಲಿಗೂ ಗೊತ್ತಿಲ್ಲ: ಅಂಗಳದ ಈ ತುದಿಯಲ್ಲಿ ಕರ್ನಾಟಕದ ಟವರು, ದನದ ಕೊಟ್ಟಿಗೆಯ ಹತ್ತಿರ ಹೋದರೆ ಕೇರಳದ್ದು, ನಡುವೆ ಬಾವಿಕಟ್ಟೆಯ ಬಳಿ ಯಾವುದೂ ಇಲ್ಲ. ಬಾಸ್ ಕರೆ ಮಾಡಿದಾಗ ಬಾವಿಕಟ್ಟೆಯ ಬಳಿ ಇರುವುದು ಒಂದು ಕಲೆ. ಅದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕಾದೀತು.

ಅಧ್ಯಯನಕ್ಕೆ ಆರಿಸಿಕೊಂಡ ಜೀವಿ ಇಲ್ಲಿನ ಕನ್ನಡ ಮಾತಾಡುವ ಮನೆಯೊಂದರ ಮೂವತ್ತರ ಹರೆಯದ ಗಂಡು. ಅವಿವಾಹಿತನಾದ್ದರಿಂದ ಶಾಸ್ತ್ರದ ಪ್ರಕಾರ ಒಂಟಿ ಸಲಗ. ಬೆಳಿಗ್ಗೆ ಹನ್ನೊಂದಕ್ಕೆ ಸ್ಟ್ಯಾಂಡಪ್ ಕಾಲ್. ಕಣದಲ್ಲಿ ಹರವಿದ ಕರಿಮೆಣಸಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದು ಕುರ್ಚಿಯ ಮೇಲೆ ಲ್ಯಾಪ್‌ಟಾಪ್. ನಿನ್ನೆ ಮುಗಿಸಿದ್ದೇನು, ಇವತ್ತು ಮಾಡುವುದೇನು ಎಂದು ಸಲಗ ವರದಿ ಒಪ್ಪಿಸುತ್ತಿರುವಾಗ ಅಡುಗೆಮನೆಯಿಂದ ದನಿ: "ಮೋಡ ಕಟ್ತಾ ಉಂಟು, ಮೊದ್ಲು ಮೆಣಸು ಒಳಗೆ ಹಾಕು ಮಗ!" ಕಾಲ್‌ನಲ್ಲಿ ಒಂದು ಕ್ಷಣ ಮೌನ. ಆಮೇಲೆ ಬೆಂಗಳೂರಿನ ಮ್ಯಾನೇಜರು ಹೇಳಿದರು: "ನಿಮ್ಮ ಹತ್ರ ನನಗಿಂತ ಸೀನಿಯರ್ ಯಾರೋ ಇದ್ದಾರೆ ಅನ್ಸುತ್ತೆ. ಹೋಗ್ಬನ್ನಿ." ಇದರಿಂದ ಸಿದ್ಧವಾಗುವುದೇನೆಂದರೆ, ಮನೆಯಲ್ಲಿರುವ ಟೆಕ್ಕಿಗೆ ಇಬ್ಬರು ಮೇಲಧಿಕಾರಿಗಳು. ಇಬ್ಬರ ಡೆಡ್‌ಲೈನುಗಳಲ್ಲಿ ಮಳೆಗೆ ಸಂಬಂಧಿಸಿದ್ದು ಮಾತ್ರ ನಿಜವಾದದ್ದು.

ಇಂಥವನು ಊರಿಗೆ ಬಂದದ್ದು ಹೇಗೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಚರಿತ್ರೆಯನ್ನು ಬೇಗ ಮುಗಿಸೋಣ. 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿತ್ತು. ಕೇರಳಕ್ಕೆ ಹೋಗುವ ಗಡಿರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಜುಲೈ ಕೊನೆಗೆ, ಕೇರಳದಿಂದ ಬರುವವರು ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ತರಬೇಕೆಂಬ ನಿಯಮ ಬಂತು. ಅದೇ ಆಗಸ್ಟ್‌ನಲ್ಲಿ ಸರ್ಕಾರವೇ ಐಟಿ ಕಂಪನಿಗಳಿಗೆ ಇನ್ನೊಂದು ಸಲಹೆ ಕೊಟ್ಟಿತು: ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ನಡೆಯುತ್ತಿದೆ, ನಿಮ್ಮವರನ್ನು 2022ರ ಡಿಸೆಂಬರ್‌ವರೆಗೂ ಮನೆಯಲ್ಲೇ ಇರಿಸಿಕೊಳ್ಳಿ. ಅಂದರೆ ಬರಬೇಡ ಎಂದವರು ವೈದ್ಯರು, ಪೊಲೀಸರು, ಎಂಜಿನಿಯರುಗಳು. ಬಾ ಎಂದವರು ಒಬ್ಬರೇ, ಆಫೀಸ್ ಕಟ್ಟಡಕ್ಕೆ ಬಾಡಿಗೆ ಕಟ್ಟುವವರು. ಕೊನೆಗೆ ಗೆದ್ದವರೂ ಅವರೇ. 2023ರ ಅಕ್ಟೋಬರ್‌ನಿಂದ ಟಿಸಿಎಸ್ ವಾರಕ್ಕೆ ಐದು ದಿನ ಬನ್ನಿ ಎಂದಿತು, ನವೆಂಬರ್‌ನಿಂದ ವಿಪ್ರೊ ಮೂರು ದಿನ ಎಂದಿತು, ಇನ್ಫೊಸಿಸ್ ತಿಂಗಳಿಗೆ ಹತ್ತು ದಿನದ ಲೆಕ್ಕ ಇಟ್ಟಿತು.

ಈಗ ಪೂರ್ವಪಕ್ಷ. ಕೇರಳದಲ್ಲಿ ಆನೆ ಸಾಕುವವರ ನಡುವೆ ಮಾನ್ಯವಾದ ನೀಲಕಂಠನ 'ಮಾತಂಗಲೀಲಾ' ಆನೆ ಹಿಡಿಯಲು ಐದು ಉಪಾಯ ಹೇಳುತ್ತದೆ: ವಾರಿಬಂಧ, ವಶಾಬಂಧ, ಅನುಗತಬಂಧ, ಆಪಾತ, ಅವಪಾತ. ಎಚ್ಆರ್ ವಿಭಾಗದವರು ಸಂಸ್ಕೃತ ಓದಿಲ್ಲ ಎಂದು ಯಾರೂ ತಿಳಿಯಬಾರದು, ಐದನ್ನೂ ಪ್ರಯೋಗಿಸಿದ್ದಾರೆ.

ವಾರಿಬಂಧವೆಂದರೆ ಸುತ್ತ ಬೇಲಿ ಕಟ್ಟಿ, ಒಂದೇ ಬಾಗಿಲಿಟ್ಟು, ಹಿಂಡನ್ನು ಒಳಕ್ಕೆ ಅಟ್ಟುವುದು. ನಮ್ಮ ಖೆಡ್ಡಾ ಇದೇ ಜಾತಿಯದು. ಸ್ಯಾಂಡರ್ಸನ್ ಸಾಹೇಬ 1873ರಲ್ಲಿ ಕಾಕನಕೋಟೆಯಲ್ಲಿ ಯತ್ನಿಸಿ ಸೋತು, ಮರುವರ್ಷ ಚಾಮರಾಜನಗರದ ಕಡೆ ಗೆದ್ದ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಜಾಗವನ್ನೇ ಕಬಿನಿ ಹಿನ್ನೀರು ನುಂಗಿತು. ಕಚೇರಿಯಲ್ಲಿ ಇದರ ಅವತಾರ ಐಡಿ ಕಾರ್ಡ್ ಉಜ್ಜುವ ಗೇಟು. ವ್ಯತ್ಯಾಸವೊಂದೇ: ಖೆಡ್ಡಾಕ್ಕೆ ಬಿದ್ದ ಆನೆ ಕಾರ್ಡ್ ಉಜ್ಜಿ, ಕಾಫಿ ಕುಡಿದು, ಹಿಂಬಾಗಿಲಿನಿಂದ ಮನೆಗೆ ಹೋಗುತ್ತಿರಲಿಲ್ಲ.

ವಶಾಬಂಧದಲ್ಲಿ ಪಳಗಿದ ಹೆಣ್ಣಾನೆಗಳನ್ನು ಮುಂದೆ ಬಿಟ್ಟು ಕಾಡಾನೆಯನ್ನು ಮರುಳು ಮಾಡುತ್ತಾರೆ. ಶುಕ್ರವಾರದ ಪಿಜ್ಜಾ, ಬೀನ್ ಬ್ಯಾಗು, ದೀಪಾವಳಿಗೆ ರಂಗೋಲಿ ಸ್ಪರ್ಧೆ, ಕನ್ನಡ ರಾಜ್ಯೋತ್ಸವಕ್ಕೆ ಬಾಡಿಗೆ ಡೊಳ್ಳು, ಇವೆಲ್ಲ ಈ ವರ್ಗದವು. ಪಿಜ್ಜಾ ತಿಂದ ಸಲಗ ಸೋಮವಾರ ಮತ್ತೆ ಕಾಡಿನಲ್ಲಿ ಪತ್ತೆಯಾಗುತ್ತದೆ. ಅನುಗತಬಂಧ ಬೆನ್ನಟ್ಟಿ ಹಿಡಿಯುವುದು. ಟೀಮ್ ಲೀಡ್ ದಿನಕ್ಕೆ ಮೂರು ಬಾರಿ "ಜಸ್ಟ್ ಚೆಕಿಂಗ್" ಎಂದು ಕೇಳುವುದು ಇದಕ್ಕೆ ಉದಾಹರಣೆ. ಆಪಾತವು ಏಕಾಏಕಿ ಮೇಲೆ ಬೀಳುವುದು. ಇದು ಸಾಮಾನ್ಯವಾಗಿ ಶುಕ್ರವಾರ ಸಂಜೆ ಇಮೇಲ್ ರೂಪದಲ್ಲಿ ಬರುತ್ತದೆ. ಅವಪಾತವೆಂದರೆ ಗುಂಡಿ ತೋಡಿ ಮೇಲೆ ಸೊಪ್ಪು ಹಾಸುವುದು. ಹಾಜರಾತಿ ಶೇ 60ಕ್ಕಿಂತ ಕಡಿಮೆಯಾದರೆ ತ್ರೈಮಾಸಿಕ ವೇರಿಯಬಲ್ ಪೇ ಇಲ್ಲ ಎಂಬ ನಿಯಮವನ್ನು ಟಿಸಿಎಸ್ ತಂದಿರುವುದಾಗಿ 2024ರಲ್ಲಿ ಸುದ್ದಿಯಾದಾಗ ಗಜಶಾಸ್ತ್ರ ಬಲ್ಲವರು ಗುಂಡಿಯನ್ನು ತಕ್ಷಣ ಗುರುತಿಸಿದರು. ಆದರೆ ಮುಖ್ಯ ಸಂಗತಿ ಬೇರೆಯೇ ಇದೆ. ಕೊನೆಯ ಎರಡು ಉಪಾಯಗಳನ್ನು ಮಾಡಕೂಡದು, ಅವುಗಳಿಂದ ಆನೆ ನಾಶವಾಗುತ್ತದೆ ಎಂದು ಆ ಶಾಸ್ತ್ರವೇ ಎಚ್ಚರಿಸಿದೆ. ಪುಸ್ತಕವನ್ನು ಅರ್ಧ ಓದಿದರೆ ಆಗುವ ಅನಾಹುತ ಇದು.

ಇನ್ನು ಸಿದ್ಧಾಂತ. ಐದೂ ಉಪಾಯಗಳು ಕಾಡಾನೆಗೆ ಸಂಬಂಧಿಸಿದವು. ಟೆಕ್ಕಿ ಕಾಡಾನೆಯಲ್ಲ, ಒಮ್ಮೆ ಪಳಗಿ, ಕೆಲಸ ಕಲಿತು, ಕಾಡಂಚಿನ ಬಿಡಾರಕ್ಕೆ ಹೋಗಿ ನೆಲೆಸಿದವನು. ಆದ್ದರಿಂದ ಅವನಿಗೆ ಅನ್ವಯವಾಗುವುದು ಖೆಡ್ಡಾ ಅಲ್ಲ, ಗಜಪಯಣ. ಮತ್ತಿಗೋಡು, ದುಬಾರೆ, ಬಳ್ಳೆಯ ಶಿಬಿರಗಳಲ್ಲಿ ವರ್ಷದ ಹತ್ತು ತಿಂಗಳು ವರ್ಕ್ ಫ್ರಮ್ ಹೋಮ್ ಮಾಡಿ, ಎರಡು ತಿಂಗಳು ಮೈಸೂರು ಅರಮನೆಯೆಂಬ ಹೆಡ್ಡಾಫೀಸಿಗೆ ಬರುವ ದಸರಾ ಆನೆಗಳು ಈ ವಿದ್ಯೆಯಲ್ಲಿ ನುರಿತವು. ಭಾನುವಾರ ರಾತ್ರಿ ತೋಲ್ಪೆಟ್ಟಿಯ ಸಲಗ ಬಸ್ಸು ಹತ್ತಿ ಕುಟ್ಟ, ಗೋಣಿಕೊಪ್ಪ, ಹುಣಸೂರಿನ ಮೇಲೆ ಬೆಂಗಳೂರಿಗೆ ಹೊರಟರೆ ಮತ್ತಿಗೋಡು ಶಿಬಿರ ದಾರಿಯಲ್ಲೇ ಸಿಗುತ್ತದೆ. 2020ರಿಂದ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುತ್ತಿರುವ ಅಭಿಮನ್ಯು ಅಲ್ಲಿಯವನು. ಒಂದೇ ರಸ್ತೆ, ಇಬ್ಬರು ಉದ್ಯೋಗಿಗಳು. ಒಬ್ಬನನ್ನು ಕರೆಯುವ ರೀತಿಗೂ ಇನ್ನೊಬ್ಬನನ್ನು ಕರೆಯುವ ರೀತಿಗೂ ಇರುವ ಅಂತರವೇ ಈ ಪ್ರಬಂಧದ ಜೀವಾಳ.

(ಉಳಿದ ದಾರಿಗಳಿಗೆ ಆ ಹೊತ್ತಿನಲ್ಲಿ ಪ್ರವೇಶವಿಲ್ಲ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಂದ್, ಬಾವಲಿಯ ರಸ್ತೆ ಸಂಜೆ ಆರಕ್ಕೇ ಬಂದ್. ಕೆಲಸದ ವೇಳೆ ಮುಗಿದ ಮೇಲೆ ತೊಂದರೆ ಕೊಡಬಾರದು ಎಂಬ ನಿಯಮ ಈ ಸೀಮೆಯಲ್ಲಿ ಕಾಡುಪ್ರಾಣಿಗಳಿಗೆ ಮಾತ್ರ ಉಂಟು.)

ಅಭಿಮನ್ಯುವಿಗೆ ಇಮೇಲ್ ಬರುವುದಿಲ್ಲ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಗೆ ಮಂತ್ರಿಗಳೇ ಹೋಗುತ್ತಾರೆ. ಕಾಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕಬ್ಬು ಬೆಲ್ಲ ತಿನ್ನಿಸಿ, ಹೂ ಎರಚಿ ಹೊರಡಿಸುತ್ತಾರೆ. ಹಿಂದೆ ನಡೆದೇ ಬರುತ್ತಿದ್ದರು, ಈಗ ಲಾರಿ. ಪ್ರಯಾಣಭತ್ಯೆಗೆ ಬಿಲ್ಲು ಲಗತ್ತಿಸಬೇಕಾಗಿಲ್ಲ. ಅರಮನೆಯ ಜಯಮಾರ್ತಾಂಡ ದ್ವಾರದಲ್ಲಿ ಪೂರ್ಣಕುಂಭ ಸ್ವಾಗತ. ವಿಮೆ ಉಂಟು. ಧನ್ವಂತರಿ ರಸ್ತೆಯಲ್ಲಿ ತೂಕ ನೋಡುತ್ತಾರೆ, ಪತ್ರಿಕೆಗಳು ಆ ಅಂಕಿಯನ್ನು ಮುಖಪುಟದಲ್ಲಿ ಹಾಕುತ್ತವೆ, ಯಾರೂ ಹೀಯಾಳಿಸುವುದಿಲ್ಲ. ಆಮೇಲೆ ಊಟ: ಕುಸುಬಲಕ್ಕಿ, ಗೋಧಿ, ಉದ್ದು, ಹೆಸರುಕಾಳು, ತರಕಾರಿ ಬೇಯಿಸಿ ಬೆಣ್ಣೆ ಹಾಕಿ ಉಂಡೆ ಕಟ್ಟುತ್ತಾರೆ. ಇದಲ್ಲದೆ ಕುಸುರೆ: ಭತ್ತ, ಬೆಲ್ಲ, ತೆಂಗಿನಕಾಯಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಕಟ್ಟಿದ್ದು. ಕಾವಾಡಿ ಅದನ್ನು ಕೈಯಾರೆ ಬಾಯಿಗಿಡುತ್ತಾನೆ. ಕಚೇರಿಯ ಕ್ಯಾಂಟೀನಿನಲ್ಲಿ ಕೂಪನ್ ಹಿಡಿದು ಸಾಲಿನಲ್ಲಿ ನಿಂತವನಿಗೆ ಈ ವಾಕ್ಯವನ್ನು ಓದಿ ಹೇಳಬಾರದು.

ಮನೆಯವರನ್ನು ಬಿಟ್ಟು ಬಾ ಎಂದು ಯಾರೂ ಹೇಳುವುದಿಲ್ಲ. ಮಾವುತರು, ಕಾವಾಡಿಗಳ ಸಂಸಾರಗಳೇ ಅರಮನೆ ಅಂಗಳಕ್ಕೆ ಬಂದು ಬಿಡಾರ ಹೂಡುತ್ತವೆ, ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ತೋಲ್ಪೆಟ್ಟಿಯ ತಾಯಿಗೆ ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಮೆಣಸು ಒಣಗಿಸಲು ಒಂದಿಷ್ಟು ಜಾಗ ಕೊಟ್ಟರೆ (ಟೆರೇಸ್ ಖಾಲಿಯೇ ಇರುತ್ತದೆ) ಪುನರಾಗಮನದ ಅರ್ಧ ಸಮಸ್ಯೆ ಬಗೆಹರಿದಂತೆ.

ಅಂಬಾರಿಯನ್ನು ಮೊದಲ ದಿನವೇ ಹೊರಿಸುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮೊದಲು ಬರಿಮೈಯಲ್ಲಿ ಬನ್ನಿಮಂಟಪದ ದಾರಿ ನಡೆಸುತ್ತಾರೆ. ಬಳಿಕ ಮರಳುಮೂಟೆ, ಮೂಟೆಯ ಭಾರ ಹಂತಹಂತವಾಗಿ ಏರುತ್ತದೆ, ಆಮೇಲೆ ಮರದ ಅಂಬಾರಿ. ಅಕ್ಕಪಕ್ಕ ಕುಮ್ಕಿ ಆನೆಗಳು ಜೊತೆ ಕೊಡುತ್ತವೆ. ಸದ್ದಿಗೆ ಬೆದರದಿರಲೆಂದು ಕುಶಾಲತೋಪು ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಓಪನ್ ಆಫೀಸಿನಲ್ಲಿ ಪಕ್ಕದ ಮೇಜಿನವನು ಸ್ಪೀಕರ್ ಹಾಕಿ ಕ್ಲೈಂಟ್ ಜೊತೆ ಮಾತಾಡುವ ಸದ್ದಿಗೆ ಹೊಂದಿಕೊಳ್ಳಲು ಟೆಕ್ಕಿಗೆ ಯಾವ ತಾಲೀಮನ್ನೂ ಕೊಡದೆ ನೇರ ಸೋಮವಾರಕ್ಕೆ ದೂಡುತ್ತಾರೆ.

ಮದವೇರಿದ ಆನೆಯನ್ನು ಪಟ್ಟಿಯಿಂದಲೇ ಕೈಬಿಡುತ್ತಾರೆ. ಟೆಕ್ಕಿಯ ಮದ ಕಿಸೆಯಲ್ಲಿ ಇನ್ನೊಂದು ಕಂಪನಿಯ ಆಫರ್ ಲೆಟರ್ ಇರುವಾಗ ಕಾಣಿಸುತ್ತದೆ, ಆಗಲೂ ಹತ್ತಿರ ಹೋಗಬಾರದು. 2022ರಲ್ಲಿ ಲಕ್ಷ್ಮಿ ಎಂಬ ಆನೆ ಅರಮನೆ ಆವರಣದಲ್ಲೇ ಗಂಡುಮರಿ ಹಾಕಿದಾಗ ನೋಟಿಸ್ ಪಿರಿಯಡ್ಡಿನ ಮಾತೆತ್ತಲಿಲ್ಲ, ಮರಿಗೆ ದತ್ತಾತ್ರೇಯ ಎಂದು ಹೆಸರಿಟ್ಟರು. 2024ರ ಸೆಪ್ಟೆಂಬರ್‌ನಲ್ಲಿ ಧನಂಜಯ ಮತ್ತು ಕಂಜನ್ ರಾತ್ರಿ ಊಟದ ಹೊತ್ತಿಗೆ ಜಗಳಾಡಿ ಅರಮನೆಯಿಂದ ರಸ್ತೆಗೇ ಓಡಿದರು. ಮಾವುತರು ಸಮಾಧಾನ ಮಾಡಿ ಕರೆತಂದರು. ಈ ಪ್ರಸಂಗದಲ್ಲಿ ಯಾರಿಗೂ ಶಿಸ್ತುಕ್ರಮದ ಮೇಲ್ ಹೋಗಲಿಲ್ಲ, ಟೀಮ್ ಬಿಲ್ಡಿಂಗ್ ಎಂದು ಯಾರನ್ನೂ ರೆಸಾರ್ಟಿಗೆ ಕರೆದೊಯ್ಯಲೂ ಇಲ್ಲ. ಕೊರೊನಾ ಕಾಲದ 2020, 2021ರಲ್ಲಿ ಜಂಬೂಸವಾರಿಯನ್ನೇ ಅರಮನೆ ಅಂಗಳದೊಳಗೆ ಮುಗಿಸಿದ್ದರು. ಪರಿಸ್ಥಿತಿ ನೋಡಿ ಕೆಲಸವನ್ನೇ ಚಿಕ್ಕದು ಮಾಡುವುದಕ್ಕೂ ಅರಮನೆಗೆ ಬರುತ್ತದೆ.

ಇಲ್ಲೊಂದು ಆಕ್ಷೇಪ. ಆನೆಯ ಕಾಲಲ್ಲಿ ಸರಪಳಿ ಇದೆಯಲ್ಲ, ಅದು ಸಂತೋಷವಾಗಿದೆ ಎಂದು ಯಾರು ಹೇಳಿದರು? ಆಕ್ಷೇಪ ನ್ಯಾಯವಾದದ್ದೇ, ಲೇಖಕನ ಬಳಿ ಇದಕ್ಕೆ ಒಳ್ಳೆಯ ಉತ್ತರವಿಲ್ಲ. ಆನೆ ಸಂತೃಪ್ತಿ ಸಮೀಕ್ಷೆಯ ಫಾರಂ ತುಂಬುವುದಿಲ್ಲ ಎಂಬುದಷ್ಟೇ ನಿಶ್ಚಿತ. ಟೆಕ್ಕಿ ತುಂಬುತ್ತಾನೆ. ಹೆಸರು ಹೊರಗೆ ಬರುವುದಿಲ್ಲ ಎಂದು ಮೇಲ್ಗಡೆ ಬರೆದಿರುತ್ತದೆ, ಕೆಳಗಡೆ ಎಂಪ್ಲಾಯಿ ಐಡಿ ಕೇಳಿರುತ್ತಾರೆ, ಆದ್ದರಿಂದ ಐದಕ್ಕೆ ಐದು ಕೊಡುತ್ತಾನೆ.

ಮತ್ತೊಂದು ಆಕ್ಷೇಪ: ಕಾರಾಪುರದ ಮಾವುತನ ಮಗ ಸಾಬು 'ಎಲಿಫೆಂಟ್ ಬಾಯ್' ಎಂಬ ಒಂದೇ ಪ್ರಾಜೆಕ್ಟ್ ಸಿಕ್ಕಿದ್ದೇ ತಡ ಕಬಿನಿ ದಂಡೆ ಬಿಟ್ಟು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದ. 1937ರಲ್ಲಿ ಚಿತ್ರ ತೆರೆಕಂಡಿತು, ಹುಡುಗ ಆನೆ ಲಾಯಕ್ಕೆ ಮರಳಲೇ ಇಲ್ಲ. ಆನ್‌ಸೈಟ್‌ಗೆ ಹೋದವರ ಪುನರಾಗಮನ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಮಾಧಾನ.

ಈ ಪ್ರಬಂಧದ ಸಾರಾಂಶವನ್ನು, ನಮ್ಮ ಸಲಗ ದುಡಿಯುವ ಕಂಪನಿಯ ಎಚ್ಆರ್ ವಿಭಾಗಕ್ಕೆ ಕಳಿಸಲಾಯಿತು. ಉತ್ತರ ಬೇಗನೆ ಬಂತು. ಶಿಫಾರಸುಗಳು ಬಹಳ ಹಿಡಿಸಿದವಂತೆ, ತೂಕ ನೋಡುವುದನ್ನು ಈ ತ್ರೈಮಾಸಿಕದಿಂದಲೇ ಜಾರಿಗೆ ತರುತ್ತಾರಂತೆ. ಕುಸುರೆಗೆ ಮೂರು ವೆಂಡರುಗಳ ಕೊಟೇಷನ್ ಕೇಳಿದ್ದಾರೆ. ಕೊನೆಯಲ್ಲಿ ಒಂದು ಸ್ಪಷ್ಟನೆ ಬಯಸಿದ್ದಾರೆ: ದಸರಾ ಮುಗಿದ ಮೇಲೆ ಆನೆಗಳನ್ನು ವಾಪಸ್ ಕಳಿಸುವುದು ಕಡ್ಡಾಯವೋ, ಅಥವಾ ಮ್ಯಾನೇಜರ ವಿವೇಚನೆಗೆ ಬಿಟ್ಟದ್ದೋ?