ಇಲ್ಲೇ ಬಂದೀನ್ರಿ

ಆಳಂದದಿಂದ ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರು. ಈ ನಲವತ್ತರಲ್ಲಿ ಮನುಷ್ಯ ಎಲ್ಲೇ ಇರಲಿ, ಫೋನ್ ಮಾಡಿ "ಎಲ್ಲಿದ್ದೀರಿ?" ಅಂತ ಕೇಳಿದರೆ ಬರುವ ಉತ್ತರ ಒಂದೇ: "ಇಲ್ಲೇ ಬಂದೀನ್ರಿ." ಹಾಗೆ ಹೇಳುವವನು ಬನಿಯನ್ ಮೇಲೆ ಕಟ್ಟೆಗೆ ಕೂತು ಎರಡನೇ ಚಹಾಕ್ಕೆ ಕಾಯುತ್ತಿರಬಹುದು, ಸ್ನಾನಕ್ಕೆ ನೀರು ಇನ್ನೂ ಕಾಯದೇ ಇರಬಹುದು. ಕೇಳಿದವನೂ ಅದನ್ನು ನಂಬುವುದಿಲ್ಲ. ಅವನೂ ಇನ್ನೂ ಹೊರಟಿರುವುದಿಲ್ಲ. ಹೀಗೆ ಇಬ್ಬರೂ ಸುಳ್ಳು ಹೇಳಿ, ಇಬ್ಬರೂ ತಡವಾಗಿ, ಒಂದೇ ಹೊತ್ತಿಗೆ ಸರಿಯಾಗಿ ಭೇಟಿಯಾಗುತ್ತೇವೆ. ನಮ್ಮ ಸೀಮೆಯ ಸಮಯಪಾಲನೆ ನಡೆದಿರುವುದೇ ಹೀಗೆ.

ನಾನೂ ಈ ವಿದ್ಯೆಯಲ್ಲಿ ಪಳಗಿದವನೇ. ಅದಕ್ಕೆ ಧಕ್ಕೆ ಬಂದದ್ದು ನಮ್ಮ ಅಕ್ಕನ ಮಗ ವಿಮಾನ ಕಲಿಯಲು ಹೋದ ಮೇಲೆ.

2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾಯಿತಲ್ಲ, ಅದಾಗಿ ಸ್ವಲ್ಪ ದಿನಕ್ಕೆ ನಾವು ಹನ್ನೊಂದು ಜನ ಒಂದು ಕ್ರೂಸರ್‌ನಲ್ಲಿ ತುಂಬಿಕೊಂಡು ನೋಡಲು ಹೋಗಿದ್ದೆವು. ಬೇಲಿಯಾಚೆ ತೊಗರಿ ಹೊಲದ ಬದುವಿನಲ್ಲಿ ನಿಂತು, ಕಟ್ಟಿಕೊಂಡು ಹೋದ ರೊಟ್ಟಿ ತಿಂದು, ಒಂದು ವಿಮಾನ ಇಳಿದದ್ದನ್ನು ನೋಡಿ, ಜಾತ್ರೆ ಮುಗಿದವರಂತೆ ವಾಪಸು ಬಂದೆವು. ಆ ಹನ್ನೊಂದು ಜನರಲ್ಲಿ ಒಬ್ಬನಿಗೆ ಮಾತ್ರ ಹುಚ್ಚು ಹತ್ತಿತು. ಮುಂದೆ 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟ ಶಾಲೆ ತೆರೆಯಲು ಜಾಗ ಕೊಟ್ಟಿತು. ಬೆಳಗಾವಿ ಮತ್ತು ಕಲಬುರಗಿ ಎರಡೂ ಆ ಪಟ್ಟಿಯಲ್ಲಿದ್ದವು. ಅಕ್ಕ ಎರಡು ಎಕರೆ ಹೊಲ ಮಾರಿದಳು. ಪೈಲಟ್ ಲೈಸೆನ್ಸಿಗೆ ಇನ್ನೂರು ತಾಸು ಹಾರಬೇಕಂತೆ. "ಒಂದ್ ತಾಸಿಗೆ ಎಷ್ಟ್ ಗುಂಟೆ ಬಿತ್ತು?" ಅಂತ ನಮ್ಮ ಅವ್ವ ಬಾಯಿಲೆಕ್ಕ ಹಾಕಲು ಕೂತಳು. ಅಕ್ಕ ಎದ್ದು ಒಳಗೆ ಹೋದಳು.

ಎಳ್ಳ ಅಮಾಸಿಗೆ ಹುಡುಗ ಊರಿಗೆ ಬಂದಿದ್ದ. ಹೊಲದಲ್ಲಿ ಚರಗ ಚೆಲ್ಲಿ ಬಂದು, ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ, ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಎಲ್ಲ ಮುಗಿಸಿ ಅಡ್ಡಾಗುವ ಹೊತ್ತು. "ಅಲ್ಲೋ, ಇನ್ನೂರ್ ತಾಸು ಏನ್ ಕಲಸ್ತಾರ? ಮೇಲಕ್ಕ ಏರೂದು, ಕೆಳಗ ಇಳಿಯೂದು, ಇಷ್ಟ ಅಲ್ಲೇನು?" ಅಂತ ಕೇಳಿದೆ. ಅವನು ಎದ್ದು ಕೂತ. ಬಾರುಕೋಲು ತಂದು ಕಂಬಳಿಯ ನಡುವೆ ಉದ್ದಕ್ಕೆ ಇಟ್ಟ. ಅದು ರನ್‌ವೇ. ಒಂದು ಸಜ್ಜಿ ಕಡಬು ಎತ್ತಿಕೊಂಡ. ಅದು ವಿಮಾನ. ಅರ್ಧಚಂದ್ರದ ಆಕಾರ, ಎರಡೂ ಕಡೆ ಚೂಪು. ನೋಡಿದರೆ ಖರೇ ರೆಕ್ಕೆಯ ಹಾಗೆಯೇ ಇತ್ತು.

"ನೋಡ್ರಿ ಮಾಮಾ, ಇಳಿಯೋ ವಿಮಾನ ಸೀದಾ ಬಂದು ಧೊಪ್ಪಂತ ಬೀಳಂಗಿಲ್ಲ. ರನ್‌ವೇ ಸುತ್ತ ಒಂದು ಚೌಕಟ್ಟು ಅದ. ಏರೋದು ಅಪ್‌ವಿಂಡ್, ಎಡಕ್ಕ ತಿರುಗಿದ್ರ ಕ್ರಾಸ್‌ವಿಂಡ್, ಮತ್ತ ಎಡಕ್ಕ ತಿರುಗಿ ರನ್‌ವೇ ಬಾಜೂಕ್ ಉಲ್ಟಾ ಹೋಗೋದು ಡೌನ್‌ವಿಂಡ್, ಮತ್ತ ಎಡಕ್ಕ ಬೇಸ್, ಕಡೀಕ್ ಎಡಕ್ಕ ಹೊರಳಿ ರನ್‌ವೇ ಮುಂದ ಬಂದ್ರ ಫೈನಲ್. ಇದಕ್ಕ ಸರ್ಕಿಟ್ ಅಂತಾರ. ನೆಲದಿಂದ ಸಾವಿರ ಫೂಟು ಮೇಲೆ, ಎಲ್ಲಾರೂ ಒಂದೇ ಕಡೆ ಸುತ್ತಬೇಕು."

ಅವ್ವ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದಳು. "ಎಡಕ್ಕ ತಿರುಗ್ತೀರಿ? ಅಂದ್ರ ಅಪ್ರದಕ್ಷಿಣಿ ಆತಲ್ಲೋ! ದೇವರನ್ನ ಬಲಕ್ಕ ಇಟ್ಕೊಂಡು ಸುತ್ತಬೇಕು."

"ಆಯಿ, ಕ್ಯಾಪ್ಟನ್ ಎಡಗಡೆ ಸೀಟಿನ್ಯಾಗ ಕುಂದರ್ತಾನ. ಎಡಕ್ಕ ಸುತ್ತಿದ್ರ ಅವನ ಕಿಟಕ್ಯಾಗ ರನ್‌ವೇ ಕಾಣ್ತದ."

"ದೇವರು ಕಾಣ್ಲಿ ಅಂತ ಸೀಟ್ ಬದಲಿ ಮಾಡ್ಕೋಬೇಕು, ದಿಕ್ಕು ಬದಲಿ ಮಾಡ್ತಾರೇನು?"

ಇದಕ್ಕೆ ಅವನ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಆದರೆ ಪ್ರದಕ್ಷಿಣೆ ಅಂದ ಕೂಡಲೇ ನನಗೆ ವಿಷಯ ತಲೆಗೆ ಹತ್ತಿತು. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಹೋದವರಿಗೆ ಗೊತ್ತು: ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ಔದುಂಬರದ ಸುತ್ತ ಜನ ತಿರುಗುತ್ತಲೇ ಇರುತ್ತಾರೆ. ಒದ್ದೆ ಪಂಚೆ, ಒದ್ದೆ ಸೀರೆ, ಬಾಯಲ್ಲಿ ಜಪ. ಬೋರ್ಡಿಲ್ಲ, ಪೊಲೀಸರಿಲ್ಲ, ಆದರೂ ಸುತ್ತು ಸುಸೂತ್ರ. ಹೊಸದಾಗಿ ಬಂದವನು ಹೊರಗಿನ ಅಂಚಿನಲ್ಲಿ ನಿಂತು, ನಾಲ್ಕು ಜನರ ವೇಗ ನೋಡಿ, ಸಂದಿ ಸಿಕ್ಕಲ್ಲಿ ಮೆಲ್ಲಗೆ ಸೇರಿಕೊಳ್ಳುತ್ತಾನೆ. "ಬರೋಬ್ಬರಿ ಇದೇ ನೋಡ್ರಿ," ಅಂದ ಹುಡುಗ. ಹೊರಗಿನಿಂದ ಬರುವ ವಿಮಾನವೂ ಡೌನ್‌ವಿಂಡ್‌ನ ನಡುಭಾಗಕ್ಕೆ ನಲವತ್ತೈದು ಡಿಗ್ರಿ ಓರೆಯಾಗಿ ಬಂದು ಹಾಗೇ ಸೇರಿಕೊಳ್ಳುವುದು ರೂಢಿಯಂತೆ.

ಆದರೆ ಪ್ರತಿ ಸುತ್ತಿನಲ್ಲೂ ಒಬ್ಬ ಹರಕೆಯವನು ಇದ್ದೇ ಇರುತ್ತಾನೆ. ನೂರೆಂಟು ಸುತ್ತು ಹೊತ್ತವನು, ಮಧ್ಯಾಹ್ನದ ಮಾಧುಕರಿ ಹೊತ್ತಿಗೆ ಮುಗಿಸಬೇಕಾದವನು. ಅವನು ಓಡುತ್ತಾನೆ, ಅದೂ ಒಳಗಿನಿಂದ. ಹೋದ ವರ್ಷ ಅಂಥವನೊಬ್ಬ ನನ್ನನ್ನೂ ಗಿಡವನ್ನೂ ಒಂದೇ ಸಲ ತಿಕ್ಕಿಕೊಂಡು ಮುಂದೆ ಹೋದ. ನನ್ನ ಕೈಯಲ್ಲಿದ್ದ ತೆಂಗಿನಕಾಯಿ ನನಗಿಂತ ಮೊದಲು ಪ್ರದಕ್ಷಿಣೆ ಮುಗಿಸಿತು. ಆಕಾಶದ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಮುಂದಿರುವವನಿಗೇ ಹಕ್ಕು. ದಾಟಬೇಕಾದವನು ಬಲಕ್ಕೆ ಸರಿದು, ದೂರ ಇಟ್ಟುಕೊಂಡು ದಾಟಬೇಕು. ದಾಟಿ ಪೂರ್ತಿ ಬಿಡುಗಡೆ ಆಗುವ ತನಕ ಜವಾಬ್ದಾರಿ ದಾಟುವವನದೇ.

ಇಳಿಯುವ ಸರದಿಗೂ ಕಾಯ್ದೆ ಇದೆ. ಎರಡು ವಿಮಾನ ಒಟ್ಟಿಗೆ ಇಳಿಯಲು ಬಂದರೆ ಕೆಳಗಿರುವುದಕ್ಕೆ ಮೊದಲ ಹಕ್ಕು. ಇದನ್ನು ಕೇಳಿದ ತಕ್ಷಣ ನನ್ನ ತಲೆಯಲ್ಲಿ ಬಂದದ್ದು, ಹಾಗಾದರೆ ಜಪ್ ಅಂತ ಕೆಳಗೆ ಇಳಿದು ಮುಂದೆ ನುಗ್ಗಿಬಿಟ್ಟರಾಯಿತಲ್ಲ? ನನ್ನ ಮುಖ ನೋಡಿಯೇ ಹುಡುಗ ಹೇಳಿದ: "ಕಾಯ್ದೆ ಬರದೋರಿಗೆ ನಿಮ್ಮಂಥೋರು ಇರ್ತಾರಂತ ಗೊತ್ತಿತ್ತು, ಮಾಮಾ. ಈ ಹಕ್ಕು ಹಿಡಕೊಂಡು ಇನ್ನೊಬ್ಬರ ಮುಂದ ಅಡ್ಡ ನುಗ್ಗಬಾರದು ಅಂತ ಮುಂದಿನ ಸಾಲಿನ್ಯಾಗೇ ಬರದಾರ."

ಹಾಗೆ ಬರೆದವರು ಜೇವರ್ಗಿ ಬಸ್ ಸ್ಟ್ಯಾಂಡ್ ನೋಡಿರಲಿಕ್ಕಿಲ್ಲ.

ಲಗ್ನದ ಸೀಜನ್ನಿನಲ್ಲಿ ಆ ಸ್ಟ್ಯಾಂಡಿಗೆ ಒಂದು ಬಸ್ಸು ಒಳಬರುವುದನ್ನು ನೀವು ನೋಡಬೇಕು. ಬಸ್ಸಿನ್ನೂ ಗೇಟಿನಲ್ಲಿ ಹೊರಳುತ್ತಿರುತ್ತದೆ, ಅಷ್ಟರಲ್ಲಿ ಅದರ ಎರಡೂ ಮಗ್ಗುಲಿಗೆ ಜನ ಓಡಲು ಶುರು. ಓಡುತ್ತಲೇ ಕಿಟಕಿಯೊಳಗೆ ಕರ್ಚೀಫು, ಟವೆಲು, ಚೀಲ, ಕೊಡೆ. ಒಮ್ಮೆ ಒಬ್ಬ ಅಜ್ಜ ಕೈಯಲ್ಲಿ ಏನೂ ಇಲ್ಲದೆ ತನ್ನ ಮೊಮ್ಮಗನನ್ನೇ ಕಿಟಕಿಯಿಂದ ಒಳಗೆ ತೂರಿಸಿದ್ದನ್ನು ಕಂಡಿದ್ದೇನೆ. ನಿಯಮ ಗೊತ್ತಿರುವ ಸಜ್ಜನ ಬಾಗಿಲಲ್ಲಿ ಪಾಳಿ ಹಚ್ಚಿ, ಇಳಿಯುವವರನ್ನು ಇಳಿಯಗೊಟ್ಟು, ಒಳಗೆ ಹತ್ತಿ ನೋಡಿದರೆ ಬಸ್ಸು ಖಾಲಿ, ಸೀಟು ಮಾತ್ರ ಒಂದೂ ಇಲ್ಲ. ಎಲ್ಲದರ ಮೇಲೂ ಬಟ್ಟೆ ಒಣಹಾಕಿದಂತೆ ಟವೆಲು. ಅವುಗಳ ಒಡೆಯರು ಇನ್ನೂ ಕ್ಯಾಂಟೀನಿನಲ್ಲಿ ಸುಸಲಾ, ಮಿರ್ಚಿ ತಿನ್ನುತ್ತಿರುತ್ತಾರೆ.

ಇದನ್ನು ಹೇಳಿದಾಗ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಪೈಲಟರಲ್ಲೂ ಈ ಜಾತಿ ಇದೆಯಂತೆ. ಕಂಟ್ರೋಲ್ ಟವರ್ ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಪೈಲಟರು ತಮ್ಮತಮ್ಮಲ್ಲೇ ರೇಡಿಯೊದಲ್ಲಿ ಹೇಳಿಕೊಂಡು ಇಳಿಯುತ್ತಾರೆ. ನಾಲ್ಕು ವಿಮಾನ ಚೌಕಟ್ಟಿನಲ್ಲಿ ಮರ್ಯಾದೆಯಿಂದ ಸುತ್ತುತ್ತಿರುವಾಗ, ಹತ್ತು ಮೈಲಿ ಆಚೆ ಇರುವವನೊಬ್ಬ "ಸೀದಾ ಫೈನಲ್‌ಗೆ ಬರ್ಲಕತ್ತೀನಿ" ಅಂತ ರೇಡಿಯೊದಲ್ಲಿ ಒದರಿಬಿಡುತ್ತಾನೆ. ಅವನು ಬಂದು ಮುಟ್ಟುವ ತನಕ ಉಳಿದವರೆಲ್ಲ ಸರಿದು ಕೊಡಬೇಕು ಅನ್ನುವುದು ಅವನ ಅಂದಾಜು. ಸೀದಾ ಬರುವುದೇ ತಪ್ಪು ಅಂತಲ್ಲ, ಆದರೆ ಸುತ್ತಿನಲ್ಲಿದ್ದವರ ನಡುವೆ ನುಗ್ಗಿಕೊಂಡು ಬರಬಾರದು. ನಾನು ಕೇಳಿದೆ, "ಅಂದ್ರ ಅವ ಆಕಾಶದಾಗ ಕರ್ಚೀಫ್ ಹಾಕ್ತಾನ?" ಹುಡುಗ ಒಪ್ಪಿದ. ಈಗ ಅವನ ಹಾಸ್ಟೆಲ್ಲಿನಲ್ಲಿ ಅಂಥವನಿಗೆ 'ಕರ್ಚೀಫ್' ಅಂತಲೇ ಹೆಸರಂತೆ. ವಾಯುಯಾನಕ್ಕೆ ನನ್ನ ಕೊಡುಗೆ ಇಷ್ಟೇ.

ಇಷ್ಟು ಹೊತ್ತಿಗೆ ಕಡಬು ಬೇಸ್‌ನಿಂದ ಹೊರಳಿ ಫೈನಲ್‌ಗೆ ಬಂದಿತ್ತು. ಬಾರುಕೋಲಿನ ತುದಿಗೆ ಇನ್ನೇನು ಮುಟ್ಟಬೇಕು, ನನ್ನ ತಮ್ಮನ ಮಗಳು ಬಂದು ಅದನ್ನು ಬಾಯಿಗೆ ಹಾಕಿಕೊಂಡಳು. ಹುಡುಗ ಇನ್ನೊಂದು ಎತ್ತಿಕೊಂಡ.

ಒಬ್ಬರಿಗೊಬ್ಬರು ಕಾಣುತ್ತಾರಲ್ಲ, ಮತ್ತೆ ರೇಡಿಯೊ ಯಾಕೆ ಅನ್ನುವುದು ನನ್ನ ಮುಂದಿನ ಸಂಶಯ. ಕಾಣುವುದಿಲ್ಲವಂತೆ. ಸೆಸ್ನಾ 172ಕ್ಕೆ ರೆಕ್ಕೆ ತಲೆಯ ಮೇಲೆ, ಕೊಡೆ ಹಿಡಿದ ಹಾಗೆ. ಮೇಲಿನದು ಕಾಣದು. ಇನ್ನು ಕೆಲವಕ್ಕೆ ರೆಕ್ಕೆ ಸೀಟಿನ ಕೆಳಗೆ. ಕೆಳಗಿನದು ಕಾಣದು. ಕೊಡೆಯವನು ಕೆಳಗೆ, ಇನ್ನೊಬ್ಬ ಅವನ ನೆತ್ತಿಯ ಮೇಲೆ, ಇಬ್ಬರೂ ಅದೇ ರನ್‌ವೇಗೆ ಇಳಿಯುತ್ತ ಬಂದರೆ ಇಬ್ಬರ ಪಾಲಿಗೂ ಆಕಾಶ ಖಾಲಿ. ಅದಕ್ಕೇ ಪ್ರತಿ ತಿರುವಿನಲ್ಲೂ ನಾನು ಯಾರು, ಎಲ್ಲಿದ್ದೇನೆ, ಮುಂದೆ ಏನು ಮಾಡುತ್ತೇನೆ ಅಂತ ಚುಟುಕಾಗಿ ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ಯಾಕೆಂದರೆ ಆ ರೇಡಿಯೊದಲ್ಲಿ ಒಂದು ಹೊತ್ತಿಗೆ ಒಬ್ಬನೇ ಮಾತಾಡಲು ಸಾಧ್ಯ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಕಿರ್ರ್ ಅನ್ನುವ ಸದ್ದೊಂದೇ ಗತಿ. ನಮ್ಮ ಗ್ರಾಮಸಭೆಯ ಹಾಗೆ.

ಇಲ್ಲಿ ಹುಡುಗ ನಗಲಿಲ್ಲ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದೇ ರನ್‌ವೇ ಮೇಲೆ ಎರಡು ಜಂಬೊ ಜೆಟ್. ಒಂದು ಹಾರಲು ಹೊರಟಿತು. "ತಡಿ" ಅನ್ನುವ ಟವರಿನ ಮಾತು, "ನಾವಿನ್ನೂ ರನ್‌ವೇ ಮೇಲೇ ಇದ್ದೀವಿ" ಅನ್ನುವ ಇನ್ನೊಂದು ವಿಮಾನದ ಮಾತು, ಎರಡೂ ಒಂದೇ ಗಳಿಗೆಯಲ್ಲಿ ಬಂದು ಒಂದರ ಮೇಲೊಂದು ಬಿದ್ದು ಕಿರ್ರ್ ಅಂದವು. 583 ಜನ ಸತ್ತರು. ಕಂಬಳಿಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಅದೊಂದು ದಾಖಲೆ.

ಮೌನ ಮುರಿದು ನಾನು ಅಫಜಲಪುರದ ಕಬ್ಬಿನ ಟ್ರ್ಯಾಕ್ಟರ್ ಕಥೆ ಹೇಳಿದೆ. ಸುಗ್ಗಿಯಲ್ಲಿ ಆ ರಸ್ತೆ ಹಿಡಿದವರಿಗೆ ಹೊಸದಲ್ಲ. ಹಿಂದೆ ಎರಡು ಟ್ರೇಲರು, ಅವುಗಳ ಎರಡೂ ಕಡೆ ಹೊರಚಾಚಿದ ಕಬ್ಬಿನ ಗರಿ, ಹಿಂದಿನ ದೀಪ ಇರಬೇಕಾದಲ್ಲಿ ಒಂದು ಕೆಂಪು ಚಿಂದಿ. ನನ್ನ ಮೋಟಾರ್‌ಸೈಕಲ್ಲಿನ ಹಾರ್ನು ಹೊಡೆದು ಹೊಡೆದು ದನಿ ಕುಗ್ಗಿತು. ಡ್ರೈವರಿಗೆ ಕೇಳುವ ಮಾತೇ ಇಲ್ಲ, ಅವನ ಎರಡೂ ಕಿವಿಯ ಬದಿಗೆ ಕಪಾಟಿನಷ್ಟು ದೊಡ್ಡ ಸ್ಪೀಕರು, ಅದರಲ್ಲಿ ಜಾನಪದ ಗೀತೆ. "ಅವ ಬ್ಯಾರೆ ಫ್ರೀಕ್ವೆನ್ಸಿ ಮ್ಯಾಲೆ ಇದ್ದ," ಅಂತ ಹುಡುಗ ರೋಗ ಪತ್ತೆ ಹಚ್ಚಿದ. ಕೊನೆಗೆ ಹೇಗೋ ದಾಟಿ ಮುಂದೆ ಹೋಗಿ ಕೈ ಮಾಡಿ ನಿಲ್ಲಿಸಿದೆ. ಬೈಯಲು ಬಾಯಿ ತೆರೆದರೆ ಅವನು ನಗುತ್ತ ಒಂದು ಜಲ್ಲೆ ಕಬ್ಬು ಎಳೆದುಕೊಟ್ಟು "ತಿನ್ರಿ ಕಾಕಾ" ಅಂದ. ಬಾಯಲ್ಲಿ ಕಬ್ಬು ಇಟ್ಟುಕೊಂಡು ಬೈಯುವುದು ಕಷ್ಟ. ಇಂಥ ಮರ್ಯಾದೆ ಆಕಾಶದಲ್ಲಿ ಸಿಗುವುದಿಲ್ಲ, ಅಷ್ಟು ನಮ್ಮ ಕಡೆಯ ಪರವಾಗಿ ಹೇಳಲೇಬೇಕು.

ಅವನು ಹೇಳಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಗೋ-ಅರೌಂಡ್. ಇಳಿಯಲು ಬಂದಾಗ ಮುಂದಿನ ವಿಮಾನ ಇನ್ನೂ ರನ್‌ವೇ ಬಿಟ್ಟಿರದಿದ್ದರೆ ವಾದ ಮಾಡುವಂತಿಲ್ಲ. ಪವರ್ ಕೊಟ್ಟು ಮೇಲೇರಿ ಮತ್ತೊಂದು ಸುತ್ತು ಹಾಕಿ ಬರಬೇಕು. ಒಂದೇ ದಿನ ಎರಡು ಸಲ ಇವನಿಗೆ ಹಾಗಾಯಿತಂತೆ.

"ಮುಂದಿನವನಿಗೆ ಬೈಲಿಲ್ಲೇನು?" ಅಂತ ಅವ್ವ.

"ಇಲ್ಲ ಆಯಿ. ಗೋಯಿಂಗ್ ಅರೌಂಡ್ ಅಂದೆ, ಹೋದೆ."

"ಅವ ನಕ್ಕಿರಬೇಕು."

ಅವ್ವನ ಅನುಮಾನ ಸುಳ್ಳಲ್ಲ. ನಮ್ಮೂರ ಸಂದಿಯಲ್ಲಿ ಎದುರುಬದುರು ಎರಡು ಗಾಡಿ ಬಂದವೆಂದರೆ ಹಿಂದೆ ಸರಿಯುವುದು ವಂಶದ ಪ್ರಶ್ನೆ. ಎರಡೂ ಕಡೆ ಮಂದಿ ಕೂಡುತ್ತಾರೆ, ಹಳೇ ಬದುವಿನ ಜಗಳ ನೆನಪಾಗುತ್ತದೆ, ಯಾರೋ ಒಬ್ಬರು ಚಹಾ ತರಿಸುತ್ತಾರೆ. ಹಿಂದಿನ ವರ್ಷ ನಾನೊಬ್ಬನೇ ಮೋಟಾರ್‌ಸೈಕಲ್ ಇಳಿದು ಹಿಂದಕ್ಕೆ ನೂಕಿಕೊಂಡು ಹೋಗಿ ದಾರಿ ಬಿಟ್ಟೆ. ಅದನ್ನು ಊರು ಇವತ್ತಿಗೂ ಮರೆತಿಲ್ಲ. "ಹಿಂದ್ ಸರದ ಮಾಸ್ತರ" ಅಂದರೆ ನಾನೇ.

ಈಗ ಹುಡುಗನಿಗೆ ಈ ಚಾಳಿ ಮೈಗೆ ಹತ್ತಿಬಿಟ್ಟಿದೆ. ಬಚ್ಚಲಿಗೆ ಹೋಗುವಾಗಲೂ ಪಡಸಾಲೆಯಲ್ಲಿ ನಿಂತು ಸಾರುತ್ತಾನೆ: "ಪಡಸಾಲಿಯಿಂದ ಬಚ್ಚಲಕ ಹೊಂಟೀನಿ, ಎಡಕ್ಕ ತಿರುಗ್ತೀನಿ." ಒಳಗಿದ್ದವರು ಕೂಗಬೇಕು: "ಬಚ್ಚಲದಾಗ ನಾ ಇದ್ದೀನಿ." "ಹಾಂಗಾದ್ರ ಇನ್ನೊಂದ್ ಸುತ್ತು ಹಾಕಿ ಬರ್ತೀನ್ರಿ." ಮೊದಮೊದಲು ನಗುತ್ತಿದ್ದ ನನ್ನ ಹೆಂಡತಿ ಈಗ ಬಿಸಿ ಬೇಳೆಸಾರಿನ ಪಾತ್ರೆ ಹಿಡಿದು ಬರುವಾಗ "ಫೈನಲ್, ಫೈನಲ್" ಅಂತ ಕೂಗುತ್ತಾಳೆ. ಎಲ್ಲರೂ ಕಾಲು ಮಡಚಿಕೊಳ್ಳುತ್ತೇವೆ. ಸಾರು ಚೆಲ್ಲುವುದು ನಿಂತಿದೆ.

ಅವನ ಕಾಟಕ್ಕೆ ನಾನೂ ಒಮ್ಮೆ ಖರೇ ಹೇಳಿ ನೋಡಿದೆ. ಜೇವರ್ಗಿಯಲ್ಲಿ ಬೀಗರ ಮನೆಯ ಲಗ್ನ. "ಎಲ್ಲಿದ್ದೀರಿ?" ಅಂತ ಫೋನ್ ಬಂತು. "ಆಳಂದದಾಗ ಮನ್ಯಾಗ ಇದ್ದೀನ್ರಿ. ಬನಿಯನ್ ಮ್ಯಾಲೆ ಇದ್ದೀನಿ. ಸ್ನಾನ ಮಾಡಿ ಹೊಂಡಾವ" ಅಂದೆ. ಆ ಕಡೆ ಮೌನ. ನಾನು ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದು, ಪಂಕ್ತಿ ಎದ್ದು, ಹುಗ್ಗಿಯ ಕೊಪ್ಪರಿಗೆ ತೊಳೆದು ಬೋರಲು ಹಾಕಿದ್ದರು. "ಇಲ್ಲೇ ಬಂದೀನಿ ಅಂದಿದ್ರ ಕಾಯ್ತಿದ್ದಿವಲ್ರಿ," ಅಂತ ಬೀಗರು ನನ್ನನ್ನೇ ಬೈದರು. ಬರುವವರೆಲ್ಲ ಸುಳ್ಳು ಹೇಳುವ ಸರ್ಕಿಟ್ಟಿನಲ್ಲಿ ಒಬ್ಬನೇ ಖರೇ ಹೇಳಿದರೆ ಅವನಿಗೆ ಊಟವಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಾಳೆ ಬೆಳಿಗ್ಗೆ ಆಳಂದ ಸ್ಟ್ಯಾಂಡಿನಲ್ಲಿ ಕಲಬುರಗಿಗೆ ಹೊರಡುವ ಮೊದಲ ಬಸ್ಸಿನ ಎಡಗಡೆ ಮೂರನೇ ಕಿಟಕಿಯ ಸೀಟಿನ ಮೇಲೆ ಕೆಂಪು ಗೆರೆಯ ಬಿಳಿ ಟವೆಲ್ ಕಂಡರೆ ದಯವಿಟ್ಟು ತೆಗೆಯಬೇಡಿ. ಅದು ನನ್ನದು. ನಾನು ಇಲ್ಲೇ ಬಂದೀನಿ.