ಕರೆ ನೀಡಿದರು

ತಾಲ್ಲೂಕು ಕೇಂದ್ರವೆಂದ ಮೇಲೆ ಒಂದು ಬಸ್ ಸ್ಟ್ಯಾಂಡು, ಎರಡು ಸೇವಾ ಕ್ಲಬ್ಬು ಇರಲೇಬೇಕು. ನಮ್ಮೂರಲ್ಲೂ ಇವೆ. ನಮ್ಮ ಕಾರ್ಯದರ್ಶಿಗಳು ಮೊದಲು ಆ ಕ್ಲಬ್ಬಿನಲ್ಲಿದ್ದು, ಅಧ್ಯಕ್ಷಗಿರಿಯ ವಿಷಯದಲ್ಲಿ ಮುನಿಸಿಕೊಂಡು ಈ ಕ್ಲಬ್ಬಿಗೆ ಬಂದವರು. ಈ ಕ್ಲಬ್ಬು ಯಾವುದು ಎಂದು ನಾನು ಬರೆಯುವುದಿಲ್ಲ. ಅವರ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಪೇಂಟಿನ ಬಾಕಿ ಇನ್ನೂ ತೀರಿಲ್ಲ.

ಬಿಳಿ ಸಫಾರಿ, ಜೇಬಿನ ಮೇಲೆ ಬಟಾಣಿ ಕಾಳಿನಷ್ಟು ಪಿನ್ನು, ಕಂಕುಳಲ್ಲಿ ಫೈಲು. ಮದುವೆಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಸದಸ್ಯರ ಹಾಜರಿ ಎಣಿಸುತ್ತಾರೆ.

"ಗುರುವಾರದ ಮೀಟಿಂಗಿಗೆ ನೀವೇ ಮುಖ್ಯ ಅತಿಥಿ ಸಾರ್. ಮಳೆನೀರು ಕೊಯ್ಲಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ. ಆಮೇಲೆ ಫೆಲೋಶಿಪ್." ಫೆಲೋಶಿಪ್ ಅಂದರೆ ವಿದ್ಯಾರ್ಥಿವೇತನವಲ್ಲ, ಊಟ. ಎರಡು ರಾತ್ರಿ ಕೂತು ಟಿಪ್ಪಣಿ ಮಾಡಿಕೊಂಡೆ.

ಏಳಕ್ಕೆ ಎಂದಿದ್ದ ಸಭೆಗೆ ಅಧ್ಯಕ್ಷರು ಕೊರಳಿಗೆ ಪಟ್ಟಿ ಹಾಕಿಕೊಂಡು, ಸುತ್ತಿಗೆಯಿಂದ ಗಂಟೆ ಬಾರಿಸಿದಾಗ ಎಂಟೂ ಹತ್ತು. ಪ್ರಾರ್ಥನೆ ಆಯಿತು. ಹದಿನೆಂಟು ಜನರಲ್ಲಿ ಮೂವರ ಹುಟ್ಟುಹಬ್ಬ, ಒಂದು ವಿವಾಹ ವಾರ್ಷಿಕೋತ್ಸವ ಆಯಿತು. ಆಮೇಲೆ ಕಾರ್ಯದರ್ಶಿಗಳ ವರದಿ. ಅವರ ವರದಿ ನಮ್ಮೂರಿಂದ ಶುರುವಾಗುವುದಿಲ್ಲ, ಚಿಕಾಗೋದಿಂದ ಹೊರಡುತ್ತದೆ. 1905ರ ಫೆಬ್ರವರಿ 23ರಂದು ಯೂನಿಟಿ ಬಿಲ್ಡಿಂಗಿನ 711ನೇ ಕೋಣೆಯಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ದರ್ಜಿ ಸೇರಿದರು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಕೂಡುತ್ತಿದ್ದರಿಂದ ರೋಟರಿ ಎಂದು ಹೆಸರಾಯಿತು. ಎರಡೂ ಮನೆ ಉಂಡವರಾದ್ದರಿಂದ ಅಲ್ಲಿಗೇ ಬಿಡುವಂತಿಲ್ಲ. 1917ರಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದ್ದೂ ಅದೇ ಚಿಕಾಗೋದಲ್ಲಿ. ಅಷ್ಟು ದೂರ ಹೋದ ಮೇಲೆ 1893ರ ವಿವೇಕಾನಂದರನ್ನು ಮಾತಾಡಿಸದೆ ಬರಲಾದೀತೇ?

711 ಎಂದು ಕೋಣೆಯ ನಂಬರು ನೆನಪಿಟ್ಟುಕೊಂಡ ಈ ಮಹಾನುಭಾವರು ನಡುವೆ ನನ್ನ ಕಿವಿಗೆ ಬಗ್ಗಿ ಕೇಳಿದರು: "ನಿಮ್ಮ ಹೆಸರು ಪೂರ್ತಿ ಏನು ಸಾರ್?"

ನನ್ನ ಸರದಿ ಬರುವಷ್ಟರಲ್ಲಿ ಹಿಂದುಗಡೆ ತಟ್ಟೆಗಳ ಸದ್ದು. "ಚಪಾತಿ ಆರಿಹೋಗುತ್ತೆ ಸಾರ್, ಎರಡೇ ನಿಮಿಷದಲ್ಲಿ..." ಎಂದರು. ನಾನು ಎಲ್ಲರಿಗೂ ನಮಸ್ಕಾರ ಹೇಳಿ, ಮಳೆ ಮೋಡದಲ್ಲಿರುವಾಗಲೇ ಕೂತುಬಿಟ್ಟೆ. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಸೆಲ್ಲಿಲ್ಲದ ಗಡಿಯಾರವೊಂದು ಬಂತು.

ಮಾರನೆಯ ಬೆಳಿಗ್ಗೆ ಪೇಪರಿನಲ್ಲಿ ಸುದ್ದಿ. ಕಾರ್ಯಕ್ರಮ ಅರ್ಥಪೂರ್ಣವಾಗಿ ಜರುಗಿತ್ತು. ಪ್ರತಿ ಮನೆಯ ಚಾವಣಿಯೂ ಒಂದು ಕೆರೆಯಾಗಬೇಕೆಂದು ನಾನು ಯುವಜನತೆಗೆ ಕರೆ ನೀಡಿದ್ದೆ. ಆಯುಷ್ಯದಲ್ಲಿ ಮಿಸ್ಡ್ ಕಾಲ್ ಬಿಟ್ಟರೆ ಯಾರಿಗೂ ಯಾವ ಕರೆಯನ್ನೂ ಕೊಟ್ಟವನಲ್ಲ ನಾನು! ಸಭೆಯಲ್ಲಿದ್ದ ಅತಿ ಎಳೆಯ ಯುವಕನಿಗೆ ಐವತ್ತೆರಡು. ಫೋಟೋ ಯಾವುದೋ ಹಳೆಯ ಸನ್ಮಾನದ್ದು, ಅದರಲ್ಲಿ ನನಗೆ ಕೂದಲಿತ್ತು.

ಅಂಗಡಿಗೇ ಹೋಗಿ ಕೇಳಿದೆ. ಮೊಳೆ ತೂಗುತ್ತಿದ್ದವರು ತಲೆಯೆತ್ತದೆ ಹೇಳಿದರು: "ಸಾಯಂಕಾಲ ಆರರ ಮೇಲೆ ಪೇಪರಿನವರು ಸುದ್ದಿ ತಗೊಳ್ಳಲ್ಲ ಸಾರ್. ಅದಕ್ಕೇ ಮಧ್ಯಾಹ್ನವೇ ಕಳಿಸಿಬಿಟ್ಟೆ."

ಜಗಳ ತೆಗೆಯಬೇಕೆಂದೇ ಹೋಗಿದ್ದೆ. ದಾರಿಯಲ್ಲಿ ಹೈಸ್ಕೂಲಿನ ಮೇಷ್ಟ್ರು ಸಿಕ್ಕಿ, "ಚಾವಣಿಯೇ ಕೆರೆ ಅಂದಿರಲ್ಲ, ಭೇಷ್" ಎಂದಿದ್ದರು. ನಾನು ಸುಮ್ಮನೆ ಕೈ ಮುಗಿದಿದ್ದೆ. ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿರುವುದನ್ನೂ ಮುಚ್ಚಿಡುವುದಿಲ್ಲ.

ಇದೇ ಮನುಷ್ಯನನ್ನು ಹಿಂದೊಮ್ಮೆ ಪಲ್ಸ್ ಪೋಲಿಯೊ ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಕಂಡಿದ್ದೆ. ಹೆಗಲಿಗೆ ಲಸಿಕೆಯ ಐಸ್ ಪೆಟ್ಟಿಗೆ. ಹೊರಟ ಬಸ್ಸಿನ ಕಿಟಕಿಯಲ್ಲಿ ಒಂದು ಕೂಸು ಕಂಡಿತೆಂದು ಬಸ್ಸಿಗೇ ಅಡ್ಡ ನಿಂತರು. ಡ್ರೈವರು ಬೈದ. ಇವರು ಅಲ್ಲಾಡಲಿಲ್ಲ. ನರ್ಸಮ್ಮ ಹತ್ತಿ ಎರಡು ಹನಿ ಹಾಕಿ, ಎಡಗೈ ಕಿರುಬೆರಳಿಗೆ ಮಸಿ ಹಚ್ಚಿ ಇಳಿದ ಮೇಲೇ ದಾರಿ ಬಿಟ್ಟರು. ಮೂರು ಗಂಟೆಯಾದರೂ ಊಟವಿಲ್ಲ. ದೇಶದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದು. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅವತ್ತಿನ ಲೆಕ್ಕದಲ್ಲಿ ಆ ಬಸ್ಸಿನ ಕೂಸೂ ಸೇರಿರಬೇಕು.

ಆ ಭಾನುವಾರದ ಸುದ್ದಿ ಮಾತ್ರ ಯಾವ ಪೇಪರಿನಲ್ಲೂ ಬರಲಿಲ್ಲ. ಯಾಕೆ ಕಳಿಸಲಿಲ್ಲ ಎಂದು ಕೇಳಿದ್ದಕ್ಕೆ, "ಬರೆಯೋಕೆ ಕೈ ಎಲ್ಲಿ ಖಾಲಿ ಇತ್ತು ಸಾರ್, ಪೆಟ್ಟಿಗೆ ಹಿಡಿದಿದ್ದೆನಲ್ಲ" ಎಂದರು.

ನಿನ್ನೆ ಮತ್ತೆ ಫೋನು ಬಂತು. ಬರುವ ಗುರುವಾರ ಪರಿಸರದ ಬಗ್ಗೆ ಕಾರ್ಯಕ್ರಮ, ನಾನೇ ಅತಿಥಿ. "ಏನೂ ತಯಾರಿ ಮಾಡ್ಕೋಬೇಡಿ, ಊಟಕ್ಕೆ ಬನ್ನಿ ಸಾಕು" ಎಂದರು. ಭಾಷಣ ಹೇಗಿರಬೇಕು ಎಂದು ಕೇಳಿದೆ.

"ಚೆನ್ನಾಗಿ ಮಾತಾಡಿದ್ದೀರಿ ಸಾರ್," ಎಂದರು, "ಈಗ ತಾನೇ ಬರೆದು ಮುಗಿಸಿದೆ."