ಕೋಳಿಬಾಲದ ಬನ್ನು

ಹಾಂಗ್‌ಕಾಂಗ್‌ನಲ್ಲಿದ್ದ ಮೂರು ವರ್ಷ ನಮ್ಮ ಬೆಳಗಿನ ಹೊಟ್ಟೆ ತುಂಬಿಸಿದ್ದು ಮನೆಯ ಕೆಳಗಿನ ಬೇಕರಿ. ಅಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಇಕ್ಕಳ ಹಿಡಿದು ಬೇಕಾದ ಬನ್ನನ್ನು ನಾವೇ ಎತ್ತಿಕೊಳ್ಳಬೇಕು. ಮಾಂಸ ತಿನ್ನದವರಿಗೆ ಇದೊಂದು ಪರೀಕ್ಷೆ. ಹೊರಗೆಲ್ಲ ಒಂದೇ ಹೊಳಪು. ಒಳಗಿರುವುದು ಹಂದಿಯೋ ಕಾಳಿನ ಹೂರಣವೋ ಕಚ್ಚಿದ ಮೇಲೇ ಗೊತ್ತು. ಪೈನಾಪಲ್ ಬನ್ ಅಂತ ಒಂದಿದೆ, ಅದರಲ್ಲಿ ಅನಾನಸ್ ಇಲ್ಲ. ಮೇಲಿನ ಸಕ್ಕರೆ ಪದರ ಬಿರಿದು ಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ, ಅಷ್ಟೇ. ನಮ್ಮವರು ಮೊದಲ ದಿನ ಕೊನೆಯ ತುತ್ತಿನ ತನಕ ಹಣ್ಣು ಹುಡುಕಿದರು.

'ಗೈ ಮೇಯ್ ಬಾವ್' ಅಂದರೆ ಕೋಳಿಬಾಲದ ಬನ್ನು ಎಂದು ಪಕ್ಕದ ಮನೆಯಾಕೆ ಹೇಳಿದ ಮೇಲೆ ಆರು ತಿಂಗಳು ಆ ಕಪಾಟಿನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ತಿಳಿಯಿತು: ಇಂಗ್ಲಿಷಿನ 'ಕಾಕ್‌ಟೇಲ್' ಪದವನ್ನು ಅಲ್ಲಿಯವರು ಕೋಳಿ ಬೇರೆ, ಬಾಲ ಬೇರೆ ಮಾಡಿ ತಮ್ಮ ಮಾತಿಗೆ ತಂದುಕೊಂಡಿದ್ದಾರೆ. ಒಳಗಿರುವುದು ತೆಂಗಿನಕಾಯಿ, ಸಕ್ಕರೆ, ಬೆಣ್ಣೆ! 1950ರ ದಶಕದಲ್ಲಿ ಮಾರಾಟವಾಗದೆ ಉಳಿದ ಬನ್ನುಗಳನ್ನು ಪುಡಿಮಾಡಿ, ಕಾಯಿ ಸಕ್ಕರೆ ಬೆರೆಸಿ, ಹೊಸ ಬನ್ನಿನ ಹೊಟ್ಟೆಗೆ ತುಂಬಿದ್ದೇ ಇದರ ಮೂಲ ಎನ್ನುತ್ತಾರೆ. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಚಿತ್ರಾನ್ನದ ಪಟ್ಟ ಕಟ್ಟುವ ಮನೆತನದವಳು ನಾನು. ಆ ಬೇಕರಿಯವನ ಮೇಲೆ ತಟ್ಟನೆ ಗೌರವ ಮೂಡಿತು.

ಮೈಸೂರಿಗೆ ಮರಳಿದ ಮೇಲೆ ನಾಲಿಗೆ ಅದನ್ನೇ ಬೇಡತೊಡಗಿತು. ಮೊದಲ ಸಲ ಮಾಡಿದ ಬನ್ನನ್ನು ನಮ್ಮವರು ಕಾಫಿಯಲ್ಲಿ ಅದ್ದಿ, ಪೇಪರಿನ ಎರಡು ಪುಟ ಓದಿ ಮುಗಿಸಿ, "ಇನ್ನೂ ಸ್ವಲ್ಪ ನೆನೀಲಿ" ಎಂದರು.

ನನಗೆ ತಿಳಿಯದಿದ್ದ ಗುಟ್ಟಿನ ಹೆಸರು ತಾಂಗ್‌ಝೋಂಗ್. 2007ರಲ್ಲಿ ತೈವಾನಿನ ಇವಾನ್ ಚೆನ್ ಪುಸ್ತಕ ಬರೆದು ಅಡುಗೆಮನೆಗಳಿಗೆ ಮುಟ್ಟಿಸಿದ ವಿದ್ಯೆ. 20 ಗ್ರಾಂ ಮೈದಾಕ್ಕೆ 100 ಗ್ರಾಂ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, 65 ಡಿಗ್ರಿ ಮುಟ್ಟಿದೊಡನೆ ಇಳಿಸಿ, ಆರಿಸಿ, ಉಳಿದ ಹಿಟ್ಟಿಗೆ ಸೇರಿಸಬೇಕು. ಆ ಬಿಸಿಗೆ ಹಿಟ್ಟಿನ ಪಿಷ್ಟ ನೀರು ಕುಡಿದು ಊದಿಕೊಳ್ಳುತ್ತದೆ; ಓವನ್ನಿನ ಕಾವಿನಲ್ಲೂ ಕುಡಿದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬನ್ನು ಮರುದಿನವೂ ಮೆತ್ತಗಿರುವುದು ಅದಕ್ಕೇ.

ಥರ್ಮಾಮೀಟರ್ ಅದ್ದಿಕೊಂಡು ನಿಂತಿದ್ದೆ. ಅತ್ತೆ ಬಂದು ಇಣುಕಿದರು.

"ಏನೇ, ಗಂಜಿಗೆ ಜ್ವರ ನೋಡ್ತಿದ್ದೀಯಾ?"

ವಿವರಿಸಿದೆ. "ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸೋದೂ ಇದೇ ಅಲ್ವೇನೇ? ಇದಕ್ಕೆ ತೈವಾನಿಗೆ ಯಾಕೆ ಹೋಗ್ಬೇಕಿತ್ತು?" ಎಂದರು. ನನ್ನ ಬಾಯಿ ಕಟ್ಟಿತು.

ನಾದುವುದಕ್ಕೂ ಅವರೇ ಕೂತರು. ಅಂಟುತ್ತಿದ್ದ ಹಿಟ್ಟಿಗೆ ಇನ್ನಷ್ಟು ಮೈದಾ ಉದುರಿಸಲು ಹೋದ ನನ್ನ ಕೈಗೊಂದು ಏಟು ಬಿತ್ತು. ಹೋಳಿಗೆಯ ಕಣಕವೆಂದೇ ತಿಳಿದು 20 ನಿಮಿಷ ಎಳೆದು, ಮಡಚಿ, ಬಡಿದರು. ಕೊನೆಗೊಂದು ಚೂರು ಹಿಗ್ಗಿಸಿ ಹಿಡಿದರೆ ಅದರಾಚೆಗೆ ಬೆಳಕು ಕಂಡಿತು. ಡಿಸೆಂಬರಿನ ಚಳಿಗೆ ಹಿಟ್ಟು ಉಬ್ಬದೆ ಮುದುರಿ ಕೂತಾಗ ಪಾತ್ರೆಗೆ ತಮ್ಮ ಶಾಲನ್ನೇ ಹೊದಿಸಿದರು. ನನಗೆ ಯಾವತ್ತೂ ಕೊಡದ ಶಾಲು ಅದು. ಮನೆಯೊಳಗೆ ಮೊಟ್ಟೆ ಬರುವಂತಿಲ್ಲವಾದ್ದರಿಂದ ಮೇಲೆ ಹಾಲು ಸವರಿದೆವು. ಬೇಕರಿಯ ಹೊಳಪು ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಎಳೆದರೆ ಎಳೆಎಳೆಯಾಗಿ ಬಿಟ್ಟುಕೊಂಡು ಬಂತು.

ಎರಡನೆಯ ಬನ್ನು ಮುರಿಯುತ್ತ ಅತ್ತೆ ಕೇಳಿದರು, "ಇದಕ್ಕೆ ಏನಂತಾರೇ ಅವ್ರು?"

ನಮ್ಮವರು ಉತ್ಸಾಹದಿಂದ ಬಾಯಿ ತೆರೆದರು. ಅದರೊಳಗೆ ಇಡೀ ಬನ್ನೊಂದನ್ನು ತುರುಕಿ ನಾನೇ ಹೇಳಿದೆ:

"ಚೀನಾದ ದಿಲ್‌ಪಸಂದ್, ಅತ್ತೆ."